ಜೇಬೆಜನ ಹೆಬ್ಬೆರಳು

ನುಬೀನ, ಟಾಸ್ಮೇನಿಯಾ
ಮೇ ೧೪

ಹೋಬಾರ್ಟ್ ಜೈಲಿನ ಘನ ಅತಿಥಿಗಳಾದ ಅಣ್ಣ ಕ್ಯಾಲಮ್ ಅವರಿಗೆ,

ತಂಗಿ ಟ್ಯಾಮ್ಸಿನ್ ಟೋಪಿ ತೆಗೆದು ವಂದಿಸುತ್ತಾಳೆ. ಉತ್ತರ ತಡವಾಯಿತು, ಕ್ಷಮಿಸು. ಸಂಶೋಧನೆಯಲ್ಲಿ ಮುಳುಗಿದ್ದೆ. ನಗಬೇಡ, ಕನ್ನಡಕ ಕೂಡ ಹಾಕಿಕೊಂಡಿದ್ದೆ, ಅಜ್ಜಿಯದು.

ಆಗಸ್ಟಿನಲ್ಲಿ ಬಿಟ್ಟರೂ ಮನೆಗೆ ಬರುವುದಿಲ್ಲ ಅಂತ ಬರೆದಿದ್ದೀಯಲ್ಲ, ಎಲ್ಲ ಶುರುವಾದದ್ದು ಅದರಿಂದಲೇ. ನಮ್ಮ ವಂಶದಲ್ಲಿ ಜೈಲು ಕಂಡವರೇ ಇಲ್ಲ ಎಂದು ಅಜ್ಜಿ ನಿನ್ನನ್ನು ಪೊಲೀಸರು ಹಿಡಿದ ದಿನ ಅಂದದ್ದು ನಿನ್ನ ಮನಸ್ಸಿಗೆ ನಾಟಿದೆ. ಸರಿ, ನೋಡಿಯೇ ಬಿಡೋಣ ಅಂತ ಹೊರಟೆ.

ಅಜ್ಜಿಯ ಪ್ರಕಾರ ನಮ್ಮ ಮೂಲಪುರುಷ ಜೇಬೆಜ್ ಥಾರ್ಲಿ ಇಂಗ್ಲೆಂಡಿನಿಂದ ಹಡಗಿನ ಅಧಿಕಾರಿಯಾಗಿ ಬಂದವನು. ಬಂದದ್ದು ಹಡಗಿನಲ್ಲೇ, ಅಷ್ಟು ನಿಜ. ಉಳಿದದ್ದು ದಾಖಲೆ ಕಚೇರಿಯ ಹಳೆಯ ಕಡತದಲ್ಲಿ ಸಿಕ್ಕಿತು. ವಯಸ್ಸು ಹದಿಮೂರು, ಕಾಲಿಗೆ ಸರಪಳಿ. ಬ್ರಿಸ್ಟಲ್‌ನಲ್ಲಿ ಬೂಟು ಕದ್ದಿದ್ದ. (ನೀನು ಕದ್ದದ್ದು ಕಾರು, ವಂಶ ಏಳಿಗೆ ಕಂಡಿದೆ.) ಇಲ್ಲಿ, ಪೋರ್ಟ್ ಆರ್ಥರ್ ಕೈದಿಗಳ ನೆಲೆಯ ಎದುರಿನ ಹುಡುಗರ ಜೈಲಿನಲ್ಲಿ ಇಟ್ಟಿಗೆ ಕೊಯ್ಯುವ ಕೆಲಸ. ಪ್ರಾರ್ಥನೆ ನಡೆವಾಗ ನಕ್ಕಿದ್ದಕ್ಕೆ ಕತ್ತಲೆಕೋಣೆ. ಅದನ್ನು ಓದಿದ ಮೇಲೆ ನನಗೆ ಅನುಮಾನವೇ ಉಳಿಯಲಿಲ್ಲ, ನಮ್ಮವನೇ.

ಆದರೆ ಅವನ ಇಟ್ಟಿಗೆಗಳು ಏನಾದವು? ದಾಖಲೆ ಕಚೇರಿಯವರನ್ನು ಕೇಳಿದೆ. ಜೈಲು ಮುಚ್ಚಿದ ಮೇಲೆ ಸುತ್ತಲಿನವರು ಹೊತ್ತುಕೊಂಡು ಹೋಗಿ ಮನೆ ಕಟ್ಟಿಕೊಂಡರಂತೆ. ಹಸಿ ಇಟ್ಟಿಗೆ ಎತ್ತುವಾಗ ಕೈದಿಗಳ ಬೆರಳು ಮೂಡುತ್ತಿತ್ತು. ಮರ್ಯಾದಸ್ಥರು ಆ ಮುಖವನ್ನು ಗೋಡೆಯ ಒಳಕ್ಕೆ ತಿರುಗಿಸಿ ಇಡುತ್ತಿದ್ದರಂತೆ.

ನಮ್ಮ ಹೊಗೆಗೂಡಿನಲ್ಲಿ ಒಂದು ಇಟ್ಟಿಗೆ ಸಡಿಲವಿತ್ತಲ್ಲ, ನೀನು ಸಿಗರೇಟು ಬಚ್ಚಿಡುತ್ತಿದ್ದದ್ದು? ಕಿತ್ತೆ. ಒಳಮುಖದಲ್ಲಿ ಪುಟ್ಟ ಹೆಬ್ಬೆರಳಿನ ಗುರುತು. ಜೇಬೆಜನದೇ ಎನ್ನಲಾಗದು, ಯಾವನೋ ಹುಡುಗನದು. ತಟ್ಟೆಯಲ್ಲಿಟ್ಟು, ಕರವಸ್ತ್ರ ಹೊದಿಸಿ, ಕೇಕ್ ಅಂತ ಹೇಳಿ ಅಜ್ಜಿಯ ಟೀ ಪಕ್ಕ ಇಟ್ಟೆ.

"ಏನೇ ಇದು, ಕೋತಿ?"

"ಹಡಗಿನ ಅಧಿಕಾರಿಗಳ ಹಸ್ತಾಕ್ಷರ, ಅಜ್ಜಿ."

ಬೈಯುತ್ತಾಳೆ ಅಂದುಕೊಂಡೆ. ಅಜ್ಜಿ ತನ್ನ ಹೆಬ್ಬೆರಳನ್ನು ಆ ಗುಳಿಯಲ್ಲಿಟ್ಟಳು. ಬೆರಳು ಅದರಲ್ಲಿ ಹಿಡಿಯಲಿಲ್ಲ, ಗುಳಿ ಅಷ್ಟು ಚಿಕ್ಕದು.

"ನಮ್ಮಪ್ಪ ಇದನ್ನ ತೋರಿಸಿದ್ದ ಕಣೇ, ಯಾರಿಗೂ ಹೇಳ್ಬೇಡ ಅಂದಿದ್ದ," ಅಂದಳು. "ಇಷ್ಟು ಚಿಕ್ಕವನು ಅಂತ ಆಗ ಗೊತ್ತಾಗ್ಲಿಲ್ಲ. ಆಗ ನನ್ನ ಬೆರಳೂ ಇಷ್ಟೇ ಇತ್ತು."

ಈಗ ಇಟ್ಟಿಗೆ ಅದೇ ಜಾಗದಲ್ಲಿದೆ, ಗುರುತು ಹೊರಕ್ಕೆ. ಗಾರೆ ಹಾಕಿದ್ದು ಅಜ್ಜಿಯೇ. ನಿನ್ನ ಸಿಗರೇಟಿಗೆ ಬೇರೆ ಜಾಗ ನೋಡಿಕೋ.

ಹೊಟ್ಟೆ ತುಂಬ ತಿನ್ನು, ಪ್ರಾರ್ಥನೆಯಲ್ಲಿ ನಗಬೇಡ. ದೇವರು ನಿನ್ನನ್ನೂ, ನಿನ್ನನ್ನು ಸಹಿಸುವ ಕಾವಲುಗಾರರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ಟ್ಯಾಮ್ಸಿನ್

ಇದೊಂದು ಉಳಿಯಿತು: ಶಿಕ್ಷೆಯಾದ ದಿನ ಕೋರ್ಟಿಗೆ ಮನೆಯವರು ಯಾರೂ ಬರಲಿಲ್ಲ ಅಂತ ಪ್ರತಿ ಪತ್ರದಲ್ಲೂ ಬರೆಯುತ್ತೀಯಲ್ಲ. ಗಾರೆ ಕಲಸುತ್ತಾ ಅಜ್ಜಿ ಹೇಳಿದಳು, ತಾನು ಬಂದಿದ್ದಳಂತೆ. ಕೊನೆಯ ಬೆಂಚಿನಲ್ಲಿ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು. "ಅವನು ಒಂದು ಸಲನೂ ಹಿಂದಕ್ಕೆ ತಿರುಗ್ಲಿಲ್ಲ," ಅಂದಳು. ಗುರುವಾರ ನಿನ್ನ ಭೇಟಿಗೆ ಬರುತ್ತಿದ್ದಾಳೆ. ಈ ಸಲ ತಿರುಗಿ ನೋಡು, ಅಣ್ಣಾ.