ನಿಧಾನವಾಗಿ ಇಳಿಯುವ ಪ್ರೆಸ್

ಓಲ್ಡ್ ಬ್ರಿಡ್ಜ್, ನ್ಯೂಜೆರ್ಸಿ
ಭಾನುವಾರ, ಮೇ 14, 2006

ಪ್ರೀತಿಯ ಹಂಸಿನಿಗೆ ಅಪ್ಪನ ಆಶೀರ್ವಾದಗಳು.

ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಬೇಸರಪಡಬೇಡ. ಅಮ್ಮ ಚೆನ್ನಾಗಿದ್ದಾಳೆ. ಚಿಕಾಗೋದಲ್ಲಿ ಚಳಿ ಬಿಟ್ಟಿತೇ?

ಕಾರ್ಖಾನೆಗೆ ತಗಡು ಒತ್ತುವ ಹೊಸ ಪ್ರೆಸ್ ಆರಿಸುವ ಹೊಣೆ ನನ್ನ ಮೇಲೆ ಬಿತ್ತು. ಆಸ್ಪತ್ರೆಗಳಿಗೆ ಮಾಡುವ ಸ್ಟೀಲ್ ಬಟ್ಟಲುಗಳು ನಮ್ಮ ಹಳೆಯ ಪ್ರೆಸ್ಸಿನಲ್ಲಿ ತಳದ ಹತ್ತಿರ ಸೀಳುತ್ತಿದ್ದವು. ಆ ಆರ್ಡರ್ ಕೈತಪ್ಪಿದರೆ ಸೆಕೆಂಡ್ ಶಿಫ್ಟಿನ ಹನ್ನೊಂದು ಜನ ಮನೆಗೆ ಹೋಗಬೇಕು. ಮಾಲೀಕ ಫ್ರ್ಯಾಂಕ್‌ಗೆ ಬಲ ಸಾಲುತ್ತಿಲ್ಲವೆಂಬ ನಂಬಿಕೆ. ಈಗಿನಂತೆಯೇ ಒಂದೇ ವೇಗದಲ್ಲಿ ಬಡಿಯುವ, ಇನ್ನೂ ದೊಡ್ಡ ಫ್ಲೈವೀಲ್ ಪ್ರೆಸ್ ತರೋಣ ಎನ್ನುತ್ತಿದ್ದ. ನನ್ನ ಅನುಮಾನವೆಲ್ಲ ವೇಗದ ಮೇಲೆ. ಮೋಟಾರೇ ನೇರವಾಗಿ ನಡೆಸುವ ಸರ್ವೋ ಪ್ರೆಸ್ಸಿನಲ್ಲಾದರೆ ಅದು ಎಲ್ಲಿ ಓಡಬೇಕು, ಎಲ್ಲಿ ನಿಧಾನಿಸಬೇಕು ಎಂಬುದನ್ನು ನಾವೇ ಗೊತ್ತುಮಾಡಬಹುದು.

ಗುರುವಾರ ನಮ್ಮ ಅಚ್ಚನ್ನೇ ಟ್ರಕ್ಕಿನಲ್ಲಿ ಹೇರಿಕೊಂಡು ಸರ್ವೋ ಪ್ರೆಸ್ ಮಾರಾಟಗಾರರ ಶೆಡ್ಡಿಗೆ ಹೋದೆವು. ಜೊತೆಗೆ ನಮ್ಮಲ್ಲಿ ಇಪ್ಪತ್ತು ವರ್ಷ ಪ್ರೆಸ್ ಓಡಿಸಿದ ಡೊಲೊರೆಸ್. ಮೊದಲ ಆರು ಬಟ್ಟಲುಗಳೂ ಸೀಳಿದವು. ಫ್ರ್ಯಾಂಕ್ ಗಡಿಯಾರ ನೋಡತೊಡಗಿದ. ಮೇಲಿನಿಂದ ಇಳಿದು ಒತ್ತುವ ಪಂಚ್ ತಗಡನ್ನು ಮುಟ್ಟುವ ಮುಂಚೆಯೇ ವೇಗ ಅರ್ಧಕ್ಕಿಳಿಸಲು ಹೇಳಿದೆ. ಏಳನೆಯದು ಇಡಿಯಾಗಿ ಬಂತು. ಆಮೇಲೆ ಬಂದ ನಲವತ್ತೂ ಹಾಗೆಯೇ. ಡೊಲೊರೆಸ್ ಒಂದೊಂದರ ತಳಕ್ಕೂ ಹೆಬ್ಬೆರಳಾಡಿಸಿ, "ಇದನ್ನೇ ತಗೋ ಬದ್ರಿ" ಎಂದಳು. ಫ್ರ್ಯಾಂಕ್ ಪ್ರೆಸ್ ಖರೀದಿಯ ಕಾಗದವನ್ನು ನನ್ನ ಕಡೆಗೇ ತಳ್ಳಿದ. ನನ್ನ ಹೆಸರಿನಲ್ಲೇ ಸಹಿ ಹಾಕಿದೆ. ಸೆಪ್ಟೆಂಬರಿಗೆ ಪ್ರೆಸ್ ಬರುತ್ತದೆ, ಹನ್ನೊಂದು ಜನರೂ ಉಳಿಯುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ದಾರಿ ನಿನಗೆ ಹಗುರಾಗಲಿ.

ನಿನ್ನ ಅಪ್ಪ,
ಬದರೀನಾಥ

ಮರೆತದ್ದಲ್ಲ, ಬರೆಯಲು ಅಂಜಿದ್ದು: ಕಳೆದ ತಿಂಗಳು ನೀನು ಫೋನಿನಲ್ಲಿ "ಅಪ್ಪಾ, ನನ್ನ ಮದುವೆ ನಿಂತೋಯ್ತು" ಅಂದೆಯಂತೆ. ನನಗೆ ಕೇಳಿಸಿದ್ದು 'ಮದುವೆ' ಒಂದೇ. "ಒಳ್ಳೇದಾಯ್ತು ಮಗಳೇ, ತಾರೀಖು ಹೇಳು" ಅಂದೆ. ನೀನು ಫೋನ್ ಇಟ್ಟೆ. ವಿಷಯ ಮರುದಿನ ಅಮ್ಮನಿಂದ ತಿಳಿಯಿತು. ಇಪ್ಪತ್ತೆಂಟು ವರ್ಷ ಪ್ರೆಸ್ಸುಗಳ ಪಕ್ಕ ನಿಂತು ನನ್ನ ಕಿವಿ ಮಂದವಾಗಿದೆ. ನಾಚಿಕೆಯಿಂದ ನಿನಗೂ ಅಮ್ಮನಿಗೂ ಹೇಳಿರಲಿಲ್ಲ. ಮಂಗಳವಾರ ಪಿಸ್ಕಾಟವೇಯಲ್ಲಿ ಹಿಯರಿಂಗ್ ಏಡ್‌ಗೆ ತಪಾಸಣೆ. ಶನಿವಾರ ನಿನ್ನಲ್ಲಿಗೆ ಬರಲು ಟಿಕೆಟ್ ತೆಗೆಸಿದ್ದೇನೆ. ನನ್ನ ಎದುರಿಗೆ ಕೂತು ಇನ್ನೊಂದು ಸಲ ಹೇಳು, ಮಗಳೇ.