ಸೇತುವೆಯ ಕೆಳಗಿನ ಮನೆ

ಭಾನುವಾರ, ಬೆಳಿಗ್ಗೆ

ಅಮ್ಮಾ,

ನಾನು ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ. ನೀನು ಮೊದಲು ಕೇಳುವುದು ಅದನ್ನೇ ಆದ್ದರಿಂದ ಮೊದಲೇ ಬರೆದುಬಿಟ್ಟೆ. ಫೋನಿನಲ್ಲಿ ಚಿಕ್ಕಮ್ಮನ ಹೆಸರೆತ್ತಿದರೆ ಸಾಕು, ಕುಕ್ಕಿ ಇಟ್ಟುಬಿಡುತ್ತೀಯ. ಕಾಗದವಾದರೆ ಬೈದುಕೊಂಡಾದರೂ ಕೊನೆಯವರೆಗೆ ಓದುತ್ತೀಯ.

ಮೊದಲು ಸಂತೋಷದ ಸುದ್ದಿ: ನೀನು ಮನೆ ಬಿಡಬೇಕಾಗಿಲ್ಲ. ನಮ್ಮ ಕಚೇರಿ ಕಳಿಸಿದ ನೆರೆ ನಕ್ಷೆ ತಪ್ಪು.

ನಮ್ಮ ಹಳೆಯ ನಕ್ಷೆ ಕಣಿವೆಯನ್ನು ಮೂವತ್ತು ಮೀಟರಿನ ಚೌಕಗಳಾಗಿ ನೋಡುತ್ತಿತ್ತು. ಒಂದು ಚೌಕಕ್ಕೆ ಒಂದೇ ಎತ್ತರ. ನಿಮ್ಮ ಮನೆಗಳ ಮೇಲಿರುವ ಕಮರಿ ಅದಕ್ಕಿಂತ ಕಿರಿದು. ಅಕ್ಕಪಕ್ಕದ ಬಂಡೆಗಳ ಜೊತೆ ಸರಾಸರಿಯಾಗಿ ಮಾಯವಾಗಿಹೋಗಿತ್ತು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹಾಗೆ. ನುಣ್ಣನೆಯ ಬೆಟ್ಟದಿಂದ ನೀರು ನಿಧಾನವಾಗಿ ಹರಡಿಕೊಂಡು ಇಳಿಯುತ್ತದೆ, ಯಾರ ಮನೆಗೂ ನುಗ್ಗುವುದಿಲ್ಲ.

ಈ ವರ್ಷ ವಿಮಾನದಿಂದ ಮೀಟರು ಮೀಟರಿಗೂ ಎತ್ತರ ಅಳೆಸಿದರು. ಕಮರಿ ಕಂಡಿತು, ಕಡಿದಾದ ಇಳಿಜಾರು ಕಂಡಿತು. ಲೆಕ್ಕದಲ್ಲಿ ನೀರು ಬೇಗನೆ ಬಂತು, ಎತ್ತರಕ್ಕೂ ಬಂತು. ನಿನ್ನ ಅಡುಗೆಮನೆ ಮುಳುಗಿತು. ಸೇತುವೆಯಾಚೆ ತಗ್ಗಿನಲ್ಲಿರುವ ಚಿಕ್ಕಮ್ಮನ ಮನೆಗೆ ಏನೂ ಆಗಲಿಲ್ಲ. ಮನೆ ಬಿಡಬೇಕೆಂಬ ನೋಟಿಸು ಬಂದಾಗ ನೀನು ಹೇಳಿದ್ದು: “ನೀರಿಗೂ ಅವಳನ್ನ ಕಂಡ್ರೆ ಭಯ ಕಣೆ.”

ನಕ್ಕೆ, ಆಮೇಲೆ ಅನುಮಾನ ಬಂತು. ನೀರು ತಗ್ಗನ್ನು ಬಿಟ್ಟು ಮೇಲಿನ ಮನೆಗೆ ಏಕೆ ನುಗ್ಗಬೇಕು? ಹುಡುಕಿದರೆ ಸಿಕ್ಕಿದ್ದು ಸೇತುವೆ. ವಿಮಾನಕ್ಕೆ ಸೇತುವೆಯ ಮೇಲ್ಭಾಗ ಕಾಣುತ್ತದೆಯೇ ಹೊರತು ಅಡಿಯ ಖಾಲಿ ಜಾಗವಲ್ಲ. ಲೆಕ್ಕದಲ್ಲಿ ಅದು ಹೊಳೆಗೆ ಅಡ್ಡ ಕಟ್ಟಿದ ಗೋಡೆಯಾಗಿ, ನೀರು ಅದರ ಹಿಂದೆ ತುಂಬಿ ನಿನ್ನ ಮನೆಗೆ ಏರಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ನೋಟಿಸು ನಿನಗೆ ಬಂತು. ಹಳೆಯ ನಕ್ಷೆಯಲ್ಲಿ ಸೇತುವೆಯೇ ಇರಲಿಲ್ಲ. ಚೆನ್ನಾಗಿ ಕಂಡಿದ್ದರಿಂದಲೇ ಮೋಸಹೋದೆವು.

ಸೇತುವೆಯನ್ನು ಲೆಕ್ಕದಿಂದ ತೆಗೆದೆ. ನಿನ್ನ ಮನೆಗೆ ಹನಿ ನೀರೂ ಬರಲಿಲ್ಲ. ತಡೆದಿದ್ದ ನೀರೆಲ್ಲ ಕೆಳಗಿಳಿದು ಚಿಕ್ಕಮ್ಮನ ಕಿಟಕಿಯವರೆಗೆ ನಿಂತಿತು. ಮತ್ತೆ ಮತ್ತೆ ಲೆಕ್ಕ ಹಾಕಿದರೂ ಅಷ್ಟೇ. ಅವಳು ಮಂಡಿನೋವಿನವಳು, ಮನೆಯಲ್ಲಿ ಒಬ್ಬಳೇ. ಕಮರಿಯ ನೀರು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಹಾಸಿಗೆಯಿಂದ ಎದ್ದಿರುವುದೂ ಅನುಮಾನ. ನನಗೆ ನಿಜವಾಗಿಯೂ ಭಯವಾಯಿತು ಅಮ್ಮಾ.

ಮಳೆಗಾಲ ಮುಗಿಯುವವರೆಗೆ ಆ ಮನೆ ಖಾಲಿಯಿರಬೇಕೆಂದು ಮೇಲಧಿಕಾರಿ ಆದೇಶ ಹೊರಡಿಸಿದ್ದಾರೆ. ನಾನೇ ಹೋಗಿ ತಿಳಿಸಿದೆ, ಶಾಲೆಯ ಕೊಠಡಿಯಲ್ಲಿ ಮಲಗಲು ಜಾಗ ಕೊಡುತ್ತಾರೆ ಎಂದೆ. ಅವಳು ತನ್ನ ಪಾತ್ರೆಪಗಡೆಯ ಮಾತೇ ಎತ್ತಲಿಲ್ಲ. ಅಕ್ಕನ ಮನೆಗೆ ನೀರು ಬರುತ್ತದೆಯೇ ಎಂದು ಕೇಳಿದಳು. ಇಲ್ಲವೆಂದೆ. “ಸದ್ಯ. ಅವಳಿಗೆ ಈಜು ಬರಲ್ಲ” ಅಂದಳು.

ಅಜ್ಜಿಯ ಹೊಲಿಗೆ ಯಂತ್ರ ಯಾರಿಗೆ ಸೇರಬೇಕಿತ್ತು ಎಂದು ಹತ್ತಿಕೊಂಡ ಜಗಳ ನಿಮ್ಮಿಬ್ಬರದು. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ನಿನ್ನ ಹಿಂದಿನ ಕೋಣೆ ಖಾಲಿ ಬಿದ್ದಿದೆ ಎಂದಷ್ಟೇ ನೆನಪಿಸುತ್ತೇನೆ. ಯೋಚಿಸಿ ನೋಡು.

ಬೈಸಿಕೊಳ್ಳಲು ಸಿದ್ಧಳಾಗಿರುವ
ನಿನ್ನ ಮಗಳು

ಇನ್ನೊಂದು ಮಾತು: ಯೋಚಿಸಲು ಹೆಚ್ಚು ಹೊತ್ತಿಲ್ಲ. ಈ ಕಾಗದ ತಂದುಕೊಟ್ಟ ಟ್ಯಾಕ್ಸಿಯವರನ್ನು ಕಳಿಸಿಬಿಡಬೇಡ. ಹಿಂದಿನ ಸೀಟಿನಲ್ಲಿ ಚಿಕ್ಕಮ್ಮ ಕೂತಿದ್ದಾಳೆ. ನೀನಾಗಿ ಬಂದು ಕರೆಯುವವರೆಗೆ ಇಳಿಯುವುದಿಲ್ಲವಂತೆ. ಯಾರ ತಂಗಿ ಅವಳು!