ಸೋಪು ಎಂಬ ಒಂದು ಮಾತು

ಕಾರ್ಕ್,
ನವೆಂಬರ್ ೧೪, ಶುಕ್ರವಾರ

ಪ್ರೀತಿಯ ಅಪ್ಪಾ,

ಸೊಂಟದ ಹೊಲಿಗೆ ಬಿಚ್ಚಿದರೇ? ಕೋಲು ಹಿಡಿಯದೆ ನಡೆಯುತ್ತೇನೆಂದು ಹಟ ಮಾಡುತ್ತೀರಂತೆ. ಲಿವರ್‌ಪೂಲಿನಿಂದ ಮೋರಾ ಅತ್ತೆ ಫೋನಿನಲ್ಲಿ ದೂರಿದರು: "ನಿಮ್ಮಪ್ಪ ಕುಂಟೋದನ್ನೂ ಜನ ಇದ್ದಾಗಲೇ ಚೆನ್ನಾಗಿ ಕುಂಟ್ತಾನೆ ಕಣೇ!" ಅವರ ಮಾತು ಕೇಳಿ, ಕೋಲು ಹಿಡಿಯಿರಿ.

ಇವತ್ತು ಬೆಳಿಗ್ಗೆ ಅಕ್ಕ ತನ್ನ ಹೊಸ ಶೂಗಳ ಅಡಿಯನ್ನು ಹಿತ್ತಲ ಮೆಟ್ಟಿಲಿಗೆ ಗರಗರ ಉಜ್ಜುತ್ತಿದ್ದಳು. ಶೂ ಕಿರುಗುಟ್ಟಿದರೆ ಜನ ಮಾತು ಬಿಟ್ಟು ಕಾಲು ನೋಡುತ್ತಾರೆ ಎಂದು ಚರ್ಚಿನ ಸಭಾಂಗಣದ ನಾಟಕಗಳಲ್ಲಿ ನೀವೇ ಅವಳಿಗೆ ಹೇಳಿಕೊಟ್ಟದ್ದು. ನೀವು ಕಲಿಸಿದ್ದೆಲ್ಲ ಅವಳ ಮೈಯಲ್ಲಿ ಉಳಿದಿದೆ. ನನ್ನನ್ನು ಮಾತ್ರ ನಾಚಿಕೆಯ ಹುಡುಗಿ ಎಂದು ಪರದೆಯ ಪಕ್ಕದ ಮೂಲೆಯಲ್ಲಿ ಕೂರಿಸಿ, ಮಾತು ಮರೆತವರಿಗೆ ಪ್ರಾಂಪ್ಟ್ ಮಾಡಲು ಹಚ್ಚಿದಿರಿ. ಆ ಗರಗರ ಸದ್ದಿಗೇ ನನಗೆ ಹೊಟ್ಟೆ ಉರಿಯಿತು.

ಬ್ರೀಡ್ ಹ್ಯಾಲಿನನ್ ಪರ ವಕೀಲೆಯಾಗಿ, ತೀರ್ಪು ಹೇಳುವ ಹನ್ನೆರಡು ಜನರ ಜ್ಯೂರಿಯ ಮುಂದೆ ಅಕ್ಕನ ಕೊನೆಯ ಭಾಷಣ ಇವತ್ತೇ ಇತ್ತು. ಬ್ರೀಡ್, ಹಾಸಿಗೆ ಹಿಡಿದಿದ್ದ ಮಿಸೆಸ್ ಟೂಮಿಯನ್ನು ನೋಡಿಕೊಳ್ಳುತ್ತಿದ್ದವಳು. ಮುದುಕಿ ತೀರಿಕೊಂಡ ದಿನ, ಹೆಣ ನೋಡಲು ಅರ್ಧ ಊರೇ ಬಂದಿದ್ದಾಗ, ಅವರ ಬೆರಳಿನ ವಜ್ರದುಂಗುರ ಕಾಣೆಯಾಯಿತು. ಮುದುಕಿಯ ಮಕ್ಕಳು ಬೆರಳು ತೋರಿಸಿದ್ದು ಇವಳತ್ತ. ಅಪರಾಧಿ ಎಂದುಬಿಟ್ಟರೆ ಜೈಲು; ಆಮೇಲೆ ಯಾವ ಮನೆಯೂ ಅವಳನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ವಾರವಿಡೀ ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಹನ್ನೆರಡು ಆಲೂಗಡ್ಡೆಗಳನ್ನು ಸಾಲಾಗಿಟ್ಟು, ಅವೇ ಜ್ಯೂರಿ ಎಂದು ಅಭ್ಯಾಸ ಮಾಡಿದಳು. "ಆ ಮೂತಿ ಸೊಟ್ಟಗಿರೋನು ಒಪ್ತಿಲ್ಲ ಕಣೇ ಊನಾ. ಅವನಿಗೊಂದು ಮಾತು ಹುಡುಕಿಕೊಡು. ಸಾಹಿತ್ಯ ಓದಿದ್ದು ಮತ್ಯಾತಕ್ಕೆ?" ಎಂದಳು. ಹುಡುಕಿಕೊಟ್ಟೆ: "ಸೋಪು ಹಚ್ಚಿ ಆ ಕೈಯನ್ನ ದಿನಾ ತೊಳೀತಿದ್ದೋಳು ಇವಳು. ಉಂಗುರ ಬೇಕಿದ್ದರೆ ಯಾವತ್ತು ಜಾರ್ತಿರಲಿಲ್ಲ?" ಅಭ್ಯಾಸ ಮುಗಿದ ಮೇಲೆ ಜ್ಯೂರಿಯನ್ನು ಬೇಯಿಸಿ ಬೆಣ್ಣೆ ಹಚ್ಚಿ ತಿನ್ನುತ್ತಿದ್ದೆವು.

ಕೋರ್ಟಿನಲ್ಲಿ ಅವಳು ದನಿ ತಗ್ಗಿಸಿದಳು; ಹಿಂದಿನ ಸಾಲಿನ ಜ್ಯೂರಿಗಳು ಮುಂದಕ್ಕೆ ಬಾಗಿದರು. ನಂತರ ಮಾತು ನಿಲ್ಲಿಸಿದಳು. ಬೇಕೆಂದೇ ನಿಲ್ಲಿಸಿದಳೆಂದುಕೊಂಡು ಎಲ್ಲರೂ ಕಾದರು. ನನಗೊಬ್ಬಳಿಗೆ ಗೊತ್ತಾಯಿತು. ಬೇಕೆಂದೇ ನಿಲ್ಲಿಸಿದಾಗ ಅವಳ ಗದ್ದ ಮೇಲೇಳುತ್ತದೆ. ಮಾತು ಮರೆತಾಗ ಹೆಬ್ಬೆರಳು ತೋರುಬೆರಳನ್ನು ಉಜ್ಜತೊಡಗುತ್ತದೆ. ಹೆಬ್ಬೆರಳು ಉಜ್ಜುತ್ತಿತ್ತು. ಅವಳ ಕಣ್ಣು ಜನರ ಸಾಲಿನಲ್ಲಿ ನನ್ನನ್ನು ಹುಡುಕಿತು. ಒಂದು ಗಳಿಗೆ ನಾನು ಸುಮ್ಮನೆ ಕೂತೆ, ಅಪ್ಪಾ. ಇದೊಂದು ಸಲ ಬೀಳಲಿ ಅನ್ನಿಸಿತು.

ಆಗ ಬ್ರೀಡ್‌ಳ ಕೈ ಕಂಡಿತು. ನೀರಿನಲ್ಲೇ ಇದ್ದು ಇದ್ದು ಕೆಂಪಾಗಿ ಬಿರಿದ ಬೆರಳುಗಳು, ಮಡಿಲಲ್ಲಿ ಒಂದನ್ನೊಂದು ಹಿಸುಕುತ್ತಿದ್ದವು. ದನಿಯಿಲ್ಲದೆ, ತುಟಿಯಲ್ಲೇ "ಸೋಪು" ಎಂದೆ.

ಅಷ್ಟು ಸಾಕಾಯಿತು. ಅಕ್ಕ ಆ ಮಾತನ್ನು ಆಗತಾನೇ ತನಗೆ ಹೊಳೆದಂತೆ ಹೇಳಿದಳು. ಜ್ಯೂರಿಯ ಹೆಂಗಸೊಬ್ಬಳು ತನ್ನದೇ ಉಂಗುರವನ್ನು ಮೆಲ್ಲಗೆ ತಿರುಗಿಸಿ ನೋಡಿಕೊಂಡಳು. ಬಾಗಿಲ ಬಳಿಯ ಮುದಿ ಜವಾನ ನನ್ನ ತುಟಿ ನೋಡಿ, "ಪ್ರಾರ್ಥನೆ ಮುಗೀತೇನಮ್ಮಾ? ನನ್ನ ಮಂಡಿನೋವಿಗೂ ಒಂದು ಹೇಳ್ಬಿಡು" ಎಂದು ಪಿಸುಗುಟ್ಟಿದ.

ಊಟದ ಹೊತ್ತು ಕಳೆದ ಮೇಲೆ ತೀರ್ಪು ಬಂತು: ನಿರಪರಾಧಿ. ಬ್ರೀಡ್ ಅಕ್ಕನನ್ನು ತಬ್ಬಿಕೊಂಡು ಅತ್ತಳು. ಹೊರಗೆ ವಕೀಲರು ಮುತ್ತಿಕೊಂಡರು: "ಆ ಮೌನ ಇತ್ತಲ್ಲ ಗ್ರಾನ್ಯಾ, ಅಬ್ಬಾ! ಎಲ್ಲಿ ಕಲಿತ್ಯೇ?" "ನಮ್ಮಪ್ಪನ ಹತ್ರ" ಎಂದಳು. ಮರೆತದ್ದಕ್ಕೂ ಹೊಗಳಿಕೆ ಸಿಗುವುದು ಅವಳಿಗೆ ಮಾತ್ರ. ಬಸ್ಸಿನಲ್ಲಿ ನನ್ನ ಮುಖ ನೋಡದೆ, "ಇವತ್ತು ಆಲೂಗಡ್ಡೆ ನಾನೇ ಸುಲೀತೀನಿ" ಎಂದಳು. ಅವಳ ಧನ್ಯವಾದ ಅಷ್ಟೇ. ಈಗ ಸುಲಿಯುತ್ತಿದ್ದಾಳೆ, ಸಿಪ್ಪೆ ದಪ್ಪ ದಪ್ಪ.

ಮೋರಾ ಅತ್ತೆಯನ್ನು ಕೇಳಿದೆನೆಂದು ಹೇಳಿ. ಬೇಗ ಗಟ್ಟಿಯಾಗಿ ಮನೆಗೆ ಬನ್ನಿ.

ನಿಮ್ಮ ಮಗಳು,
ಊನಾ

ತಾ.ಕ.: ಫೆಬ್ರವರಿಯ ನಾಟಕದಲ್ಲಿ ವಿಧವೆಯ ಪಾತ್ರಕ್ಕೆ ಅಕ್ಕನಿಗೆ ಬಿಡುವಿದೆಯೇ ಕೇಳು ಎಂದು ಬರೆದಿದ್ದಿರಿ. ಕೇಳಲಿಲ್ಲ, ಕೇಳುವುದೂ ಇಲ್ಲ. ಆ ಪಾತ್ರ ನಾನು ಮಾಡುತ್ತೇನೆ. ಪರದೆಯ ಪಕ್ಕದ ಮೂಲೆಯಲ್ಲಿ ಕೂರಲು ಅವಳಿಗೆ ಬಿಡುವಿದೆಯೇ ಎಂದು ಬೇಕಾದರೆ ನೀವೇ ಕೇಳಿ.